ಕಾಡಂಚಿನ ಹೈಸ್ಕೂಲಿಗೆ ಕಂಪ್ಯೂಟರ್ ವಿಜ್ಞಾನ: ಆದಿವಾಸಿ ಮಕ್ಕಳ ಶಿಕ್ಷಕರಿಗೆ ತರಬೇತಿ ನಡೆಸುವ ಸಮಗ್ರ ಮಾರ್ಗದರ್ಶಿ

ಹೆಗ್ಗಡದೇವನಕೋಟೆಯ ಹಾಡಿಗಳಿಂದ, ಬಿಳಿಗಿರಿರಂಗನಬೆಟ್ಟದ ಪೋಡುಗಳಿಂದ (ಹಾಡಿ, ಪೋಡು ಎಂದರೆ ಆದಿವಾಸಿಗಳ ಊರು), ಯಲ್ಲಾಪುರ ಕಡೆಯ ಸಿದ್ದಿ ಊರುಗಳಿಂದ ಮಕ್ಕಳು ಬರುವ ಹೈಸ್ಕೂಲುಗಳಲ್ಲಿ ಕಂಪ್ಯೂಟರೇ ಇಲ್ಲ ಅನ್ನುವ ಹಾಗಿಲ್ಲ. ಎಷ್ಟೋ ಕಡೆ ಕೋಣೆ ಇದೆ, ಮೇಜಿದೆ, ಬಟ್ಟೆ ಹೊದಿಸಿಟ್ಟ ಯಂತ್ರಗಳೂ ಇವೆ. ಆ ಕೋಣೆಯ ಬೀಗ ತೆಗೆದು ಪಾಠ ಮಾಡುವ ಧೈರ್ಯ ಇರುವವರು ಇಲ್ಲ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆಂದೇ ಶಿಕ್ಷಕರು ಇರುವುದು ಅಪರೂಪ. ಕೆಲಸ ಗಣಿತದ ಅಥವಾ ವಿಜ್ಞಾನದ ಮೇಷ್ಟ್ರ ಹೆಗಲಿಗೆ ಬೀಳುತ್ತದೆ. ಸರ್ಕಾರದ ಟಾಲ್ಪ್ (ತಂತ್ರಜ್ಞಾನದ ನೆರವಿನ ಕಲಿಕೆ) ತರಬೇತಿ ಪಡೆದವರು ಇದ್ದಾರೆ, ಆದರೆ ಅದರ ಗುರಿ ತಂತ್ರಜ್ಞಾನ ಬಳಸಿ ತಮ್ಮ ತಮ್ಮ ವಿಷಯ ಕಲಿಸುವುದು. ಈ ಮಾರ್ಗದರ್ಶಿಯ ಗುರಿ ಬೇರೆ: ಸಮಸ್ಯೆಯನ್ನು ಬಿಡಿಸಿ ನೋಡುವುದು, ಹೆಜ್ಜೆಗಳಾಗಿ ಬರೆಯುವುದು, ಯಂತ್ರದಿಂದ ಮಾಡಿಸುವುದು, ತಪ್ಪಿದಲ್ಲಿ ಹುಡುಕಿ ಸರಿಪಡಿಸುವುದು. ಟೈಪಿಂಗ್ ಕಲಿಸಿ ಕಂಪ್ಯೂಟರ್ ಕಲಿಸಿದೆವು ಎಂದುಕೊಂಡರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ.

2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು, ಒಟ್ಟು ಜನರಲ್ಲಿ ಸುಮಾರು ಶೇ 7. ಇದರಲ್ಲಿ ದೊಡ್ಡ ಪಾಲು ನಾಯಕ ಸಮುದಾಯದ್ದು. ಸೋಲಿಗ, ಜೇನುಕುರುಬ, ಬೆಟ್ಟಕುರುಬ, ಯರವ, ಕೊರಗ, ಸಿದ್ದಿ ಮಕ್ಕಳ ಸಂಖ್ಯೆ ಚಿಕ್ಕದು, ಶಾಲೆಗಳು ಚದುರಿವೆ. ಜಿಲ್ಲಾ ಮಟ್ಟದ ಸಾಮಾನ್ಯ ತರಬೇತಿಯಲ್ಲಿ ಇವರ ವಿಷಯ ಬರುವುದೇ ಇಲ್ಲ. ಆದ್ದರಿಂದ ತರಬೇತಿಯನ್ನು ಈ ಶಾಲೆಗಳಿಗಾಗಿಯೇ ಕಟ್ಟಬೇಕು.

ಶಾಲೆ ಮತ್ತು ಶಿಕ್ಷಕರ ಆಯ್ಕೆ

ಮೊದಲ ವರ್ಷಕ್ಕೆ 8ರಿಂದ 10 ಶಾಲೆ ಸಾಕು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಅಂದರೆ ಗರಿಷ್ಠ 20 ಜನ. ಕಲಿಸಲು ಇಬ್ಬರು ತರಬೇತುದಾರರು. ಶಾಲೆಗೆ ಇಬ್ಬರು ಶಿಕ್ಷಕರು ಏಕೆಂದರೆ, ಒಬ್ಬರೇ ಬಂದ ಶಾಲೆಯಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಮುಗಿದ ದಿನವೇ ಕಾರ್ಯಕ್ರಮವೂ ಮುಗಿಯುತ್ತದೆ. ಆ ಇಬ್ಬರಲ್ಲಿ ಒಬ್ಬರು ಭಾಷೆ ಅಥವಾ ಸಮಾಜ ವಿಜ್ಞಾನದವರಾದರೆ ಇನ್ನೂ ಒಳ್ಳೆಯದು. ಅತಿಥಿ ಶಿಕ್ಷಕರನ್ನು ಬಿಡಬೇಡಿ. ಎಷ್ಟೋ ಶಾಲೆಗಳು ನಡೆಯುತ್ತಿರುವುದೇ ಅವರಿಂದ.

ಮೂರನೆಯವರೊಬ್ಬರು ಬೇಕು: ಅದೇ ಹಾಡಿಯ ಅಥವಾ ಪೋಡಿನ, ಪಿಯುಸಿ ಇಲ್ಲವೇ ಪದವಿ ಓದಿದ ಯುವಕ ಅಥವಾ ಯುವತಿ. ವಾರಕ್ಕೆ ಒಂದು ದಿನ ಪಾಠದಲ್ಲಿ ಜೊತೆಗಿರಲು ಅವರಿಗೆ ಗೌರವಧನ ಗೊತ್ತುಮಾಡಿ. ಸೇವೆ ಅಂತ ಪುಕ್ಕಟೆ ದುಡಿಸಬಾರದು. ಮಕ್ಕಳ ಮಾತು ಶಿಕ್ಷಕರಿಗೆ ಅರ್ಥವಾಗದ ಕಡೆ ದಾರಿ ತೋರುವವರು ಇವರೇ.

ಅನುಮತಿಗೆ ಎರಡು ಬಾಗಿಲು ತಟ್ಟಬೇಕು. ಶಾಲೆ ಶಿಕ್ಷಣ ಇಲಾಖೆಯದು, ಆದರೆ ಮಕ್ಕಳಿರುವ ಹಾಸ್ಟೆಲ್ ಮತ್ತು ಆಶ್ರಮ ಶಾಲೆ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯದು. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಂದ ಓಓಡಿ ಆದೇಶ (ಶಾಲೆಯ ಹೊರಗಿನ ಕರ್ತವ್ಯಕ್ಕೆ ಅನುಮತಿ) ಹೆಸರು ಸಮೇತ ತರಬೇತಿಗೆ ಹದಿನೈದು ದಿನ ಮುಂಚೆ ಕೈಸೇರಬೇಕು. ಹಾಸ್ಟೆಲ್ ವಾರ್ಡನ್‌ಗೆ ಅರ್ಧ ದಿನದ ಪರಿಚಯ ಕೊಡಿ. ಮುಖ್ಯ ಶಿಕ್ಷಕರಿಂದ ಒಂದೇ ಒಂದು ವಿಷಯ ಬರಹದಲ್ಲಿ ಪಡೆಯಿರಿ: 8 ಮತ್ತು 9ನೇ ತರಗತಿಗೆ ವಾರಕ್ಕೊಮ್ಮೆ ಎರಡು ಪೀರಿಯಡ್ ಒಟ್ಟಿಗೆ, ವೇಳಾಪಟ್ಟಿಯೊಳಗೆ. ಶಾಲೆ ಬಿಟ್ಟ ಮೇಲೆ ಇಟ್ಟುಕೊಂಡರಾಯಿತು ಎನ್ನುವುದು ಇಲ್ಲಿ ನಡೆಯದು. ಆನೆ ಓಡಾಡುವ ದಾರಿಯಲ್ಲಿ ಮಕ್ಕಳು ಬೆಳಕಿರುವಾಗಲೇ ನಡೆದು ಮನೆ ಸೇರಬೇಕು. ಹತ್ತನೇ ತರಗತಿಯನ್ನು ಮುಟ್ಟಬೇಡಿ, ಎಸ್ಸೆಸ್ಸೆಲ್ಸಿ ಒತ್ತಡದಲ್ಲಿ ಈ ಪೀರಿಯಡ್ ಜುಲೈ ಹೊತ್ತಿಗೇ ಹೋಗಿಬಿಡುತ್ತದೆ.

ಮೊದಲು ಹಾಡಿಗೆ ಹೋಗಿ

ಪಾಠಕ್ಕೆ ಊರಿನ ತಿಳಿವಳಿಕೆ ಬಳಸುವುದಾದರೆ ಊರಿನವರನ್ನು ಕೇಳಬೇಕು. ಬಿಆರ್‌ಟಿ (ಬಿಳಿಗಿರಿರಂಗನಬೆಟ್ಟ) ಹುಲಿ ಸಂರಕ್ಷಿತ ಪ್ರದೇಶದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಾಮುದಾಯಿಕ ಹಕ್ಕು ಸಿಕ್ಕಿದೆ. ಅಲ್ಲಿ ಗ್ರಾಮಸಭೆಯ ಮಾತಿಗೆ ಕಾನೂನಿನ ತೂಕವಿದೆ. ಯಜಮಾನರನ್ನೂ ಹಿರಿಯ ಹೆಂಗಸರನ್ನೂ ಕಂಡು ಮೂರು ಸಂಗತಿ ಹೇಳಿ: ಯಾವ ವಿಷಯ ಪಾಠಕ್ಕೆ ಬರುತ್ತದೆ, ಅದು ಶಾಲೆಯ ಯಂತ್ರ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಬೇಡವೆಂದರೆ ತೆಗೆದುಬಿಡುತ್ತೇವೆ.

ನಾಟಿ ಔಷಧದ ಗಿಡ, ಅದು ಸಿಗುವ ಜಾಗ, ದೇವರ ತಾಣ, ಕುಲದ ಪದ್ಧತಿ ಇವನ್ನು ಪಾಠಕ್ಕೆ ತರಲೇಬೇಡಿ. ಹುಡುಗನೊಬ್ಬ ಹೆಮ್ಮೆಯಿಂದ ಅಜ್ಜಿಯ ಔಷಧದ ಪಟ್ಟಿ ಮಾಡಿ ಇಂಟರ್ನೆಟ್ಟಿಗೆ ಹಾಕಿದರೆ ಅದನ್ನು ಹಿಂದಕ್ಕೆ ಪಡೆಯಲಾಗದು. ಜೇನಿನ ಬಗೆ, ಮಳೆಯ ಲೆಕ್ಕ, ಸಂತೆಯ ತೂಕ, ಬುಟ್ಟಿಯ ಹೆಣಿಗೆ ಇವು ಸಾಮಾನ್ಯವಾಗಿ ತೊಂದರೆಯಿಲ್ಲದವು. ಆದರೂ ಕೇಳಿಯೇ ಬಳಸಿ.

ವರ್ಷದ ಲೆಕ್ಕಾಚಾರ

ಶಾಲೆ ತೆರೆಯುವ ಮೊದಲಿನ ವಾರ 5 ದಿನದ ವಸತಿ ತರಬೇತಿ, ದಿನಕ್ಕೆ 6 ಗಂಟೆಯಂತೆ 30 ಗಂಟೆ. ಆಮೇಲೆ ತಿಂಗಳಿಗೊಂದು ಶನಿವಾರ ಕ್ಲಸ್ಟರ್ ಸಭೆ. ದಸರಾ ರಜೆಯಲ್ಲಿ 2 ದಿನ. ಪ್ರತಿ ಶಾಲೆಗೆ ವರ್ಷದಲ್ಲಿ 3 ಭೇಟಿ. ಒಂದೇ ಶಿಬಿರ ಮಾಡಿ ಪ್ರಮಾಣಪತ್ರ ಹಂಚಿ ಕೈತೊಳೆದುಕೊಂಡರೆ ಯಾವ ಕೋಣೆಯ ಬೀಗವೂ ತೆಗೆಯುವುದಿಲ್ಲ, ಯಾಕೆಂದರೆ ಶಿಕ್ಷಕರಿಗೆ ನಿಜವಾದ ಸಂಶಯ ಹುಟ್ಟುವುದು ಮೂರನೇ ಪಾಠ ಕೆಟ್ಟ ಮೇಲೆ.

ಕೊಡಗಿನ ಸುತ್ತ ನವೆಂಬರಿನಿಂದ ಕಾಫಿ ಕೊಯ್ಲು. ಅಪ್ಪ ಅಮ್ಮ ಎಸ್ಟೇಟಿನ ಲೈನ್ ಮನೆಗೆ ಹೋದರೆ ಮಕ್ಕಳೂ ಹೋಗುತ್ತಾರೆ. ಒಂದರ ಮೇಲೊಂದು ನಿಂತ ಇಪ್ಪತ್ತು ಪಾಠದ ಸರಪಳಿ ಕಟ್ಟಿದರೆ ಹಿಂತಿರುಗಿದ ಮಗುವಿಗೆ ಹಿಡಿಯಲು ಕೊಂಡಿಯೇ ಸಿಗುವುದಿಲ್ಲ. ಎರಡೆರಡು ವಾರದಲ್ಲಿ ಮುಗಿಯುವ, ಎಲ್ಲಿಂದ ಬೇಕಾದರೂ ಸೇರಬಹುದಾದ ಘಟಕಗಳನ್ನಾಗಿ ಮಾಡಿ.

ಸಾಮಾನು

20 ಶಿಕ್ಷಕರಿಗೆ: 10 ಲ್ಯಾಪ್‌ಟಾಪ್, 10 ಮೈಕ್ರೋಬಿಟ್ ಬೋರ್ಡ್ (ಪ್ರೋಗ್ರಾಮ್ ತುಂಬಿ ನಡೆಸುವ ಅಂಗೈಗಿಂತ ಚಿಕ್ಕ ಕಂಪ್ಯೂಟರ್), 10 ಬ್ಯಾಟರಿ ಡಬ್ಬಿ, 30 ಎಎಎ ಸೆಲ್ (ಬೋರ್ಡಿಗೆ 2 ಬೇಕು, ಉಳಿದವು ಹೆಚ್ಚುವರಿ), 30 ಕ್ಲಿಪ್ ವೈರ್, 24 ಕಬ್ಬಿಣದ ಮೊಳೆ, 5 ತಕ್ಕಡಿ, ಒಂದೇ ಥರ ಕಾಣುವ 40 ಮುಚ್ಚಳದ ಡಬ್ಬಿ, ಮರಳು, ರಟ್ಟು, 32 ಜಿಬಿಯ 3 ಪೆನ್‌ಡ್ರೈವ್, 4 ಸ್ಪೈಕ್ ಬಸ್ಟರ್, 10 ಸಿಆರ್2032 ಬಿಲ್ಲೆ ಸೆಲ್, ಸ್ಕ್ರೂಡ್ರೈವರ್, ದೂಳು ಹೊಡೆಯುವ ಬ್ರಷ್.

ಯುಎಸ್‌ಬಿ ಕೇಬಲ್ ಕೊಳ್ಳುವಾಗ ಡೇಟಾ ಹೋಗುವ ಕೇಬಲ್ಲೇ ಎಂದು ನೋಡಿಕೊಳ್ಳಿ. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್ ಹಾಕಿದರೆ ಬೋರ್ಡಿನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಕಾಣುವುದಿಲ್ಲ. ಶಿಕ್ಷಕರು ಬೋರ್ಡೇ ಕೆಟ್ಟಿದೆ ಎಂದು ತೆಗೆದಿಡುತ್ತಾರೆ.

ಕರೆಂಟಿನ ಲೆಕ್ಕವನ್ನು ತರಬೇತಿಯಲ್ಲೇ ಮಾಡಿಸಿ. ಲ್ಯಾಪ್‌ಟಾಪ್ ಒಂದಕ್ಕೆ 45 ವಾಟ್ ಹಿಡಿದರೆ ಹತ್ತಕ್ಕೆ 450. ಶಾಲೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್ ಅವರ್. ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬ್ಯಾಟರಿಯ ಆಯಸ್ಸು ಹೋಗುತ್ತದೆ, ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ಕೈಗೆ ಸಿಗುವುದು 750ರ ಆಸುಪಾಸು. ಅಂದರೆ ಒಂದೂವರೆ ಗಂಟೆ, ಎರಡು ಪೀರಿಯಡ್. ಹಳೆಯ ಡೆಸ್ಕ್‌ಟಾಪ್‌ಗಳಾದರೆ ಅದರ ಅರ್ಧವೂ ಬರುವುದಿಲ್ಲ.

ಹಲವು ಶಾಲೆಗಳ ಯಂತ್ರಗಳಲ್ಲಿ ವಿಂಡೋಸ್ ಬದಲು ಲಿನಕ್ಸಿನ ಒಂದು ಬಗೆಯಾದ ಉಬುಂಟು ಇರುತ್ತದೆ. ಬ್ಲಾಕು ಜೋಡಿಸಿ ಪ್ರೋಗ್ರಾಮ್ ಬರೆಯುವ ಸ್ಕ್ರಾಚ್ 3ರ ಅಧಿಕೃತ ಆಫ್‌ಲೈನ್ ಆ್ಯಪ್ ಲಿನಕ್ಸಿಗೆ ಇಲ್ಲ. ಅದೇ ಫೈಲುಗಳನ್ನು ತೆರೆಯುವ ಟರ್ಬೊವಾರ್ಪ್ ಡೆಸ್ಕ್‌ಟಾಪ್ ಹಾಕಿ. ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಮೂಲಕ ಆಫ್‌ಲೈನಾಗಿ ಇಟ್ಟರೆ ನೆಟ್‌ವರ್ಕ್ ಸಿಗದ ಊರಿನಲ್ಲೂ ಹುಡುಕಾಟ ಕಲಿಸಬಹುದು. ಎಲ್ಲ ತಂತ್ರಾಂಶವನ್ನೂ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಲ್ಲಿ ಹೋಗಿ ಡೌನ್‌ಲೋಡ್ ಮಾಡಿದರಾಯಿತು ಎಂದು ಹೊರಟರೆ ಮೊದಲ ದಿನವೇ ಹಾಳು.

ಮೊದಲ ದಿನ: ಯಂತ್ರ ಮುಟ್ಟುವುದಿಲ್ಲ

ಡಬ್ಬಿಗಳಿಗೆ ಬೇರೆ ಬೇರೆ ತೂಕದ ಮರಳು ತುಂಬಿ, ಗುಂಪಿಗೆ 8 ಡಬ್ಬಿ ಮತ್ತು ಒಂದು ತಕ್ಕಡಿ ಕೊಡಿ. ತೂಕದ ಕಲ್ಲು ಹಾಕುವಂತಿಲ್ಲ, ಒಮ್ಮೆಗೆ ಎರಡು ಡಬ್ಬಿ ಮಾತ್ರ ತೂಗಬಹುದು. ಅತಿ ಭಾರದ್ದನ್ನು ಹುಡುಕಲು 7 ತೂಗು ಬೇಕು. ಹೀಗೇ ಒಂದೊಂದನ್ನೇ ಆರಿಸುತ್ತ ಎಲ್ಲವನ್ನೂ ಸಾಲಾಗಿ ಜೋಡಿಸಿದರೆ 28. ಇದಕ್ಕಿಂತ ಕಡಿಮೆಯಲ್ಲಿ ಆಗುತ್ತದೆಯೇ ಎಂದು ಕೇಳಿ ಸುಮ್ಮನಿರಿ. ಶಿಕ್ಷಕರು ತಾವೇ ಗುಂಪು ಒಡೆದು ಜೋಡಿಸಲು ಶುರುಮಾಡುವವರೆಗೆ ಬಾಯಿ ಬಿಡಬೇಡಿ. ಮಧ್ಯಾಹ್ನ 16, 8, 4, 2, 1 ಚುಕ್ಕೆಯ ಐದು ರಟ್ಟುಗಳಲ್ಲಿ ಬೇಕಾದವನ್ನು ತೆರೆದು (1), ಉಳಿದವನ್ನು ಮಗುಚಿ (0) ಹಾಜರಿ ಸಂಖ್ಯೆ ಬರೆಯುವುದು; 31ರವರೆಗೆ ಸಾಗುತ್ತದೆ.

ಎರಡನೇ ದಿನ: ಜೇನಿನ ಪಾಠ

ಇಡೀ ತರಬೇತಿಗೆ ಇದೇ ತಿರುಳು, ಒಂದು ದಿನ ಪೂರ್ತಿ ಕೊಡಿ. ನಾಲ್ಕು ಬಗೆ ತೆಗೆದುಕೊಳ್ಳಿ: ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ. ಹೆಸರು ಊರಿಂದೂರಿಗೆ ಬದಲಾಗುತ್ತದೆ. ಬೋರ್ಡಿನ ಮೇಲೆ ಬರೆಯಬೇಕಾದ್ದು ಮಕ್ಕಳು ಹೇಳುವ ಹೆಸರು.

ಶಿಕ್ಷಕರಿಗೆ ಹೇಳಿ: ಹೌದು ಅಥವಾ ಅಲ್ಲ ಎಂಬ ಉತ್ತರದ ಪ್ರಶ್ನೆಗಳಿಂದಲೇ ಜೇನು ಯಾವುದೆಂದು ಗುರುತಿಸಬೇಕು, ಪ್ರಶ್ನೆ ಆದಷ್ಟು ಕಡಿಮೆ ಇರಬೇಕು. ಒಳ್ಳೆಯ ಮೊದಲ ಪ್ರಶ್ನೆ: ಗೂಡು ಬಯಲಿಗೆ ಕಾಣುವಂತೆ ತೂಗುತ್ತಿದೆಯೇ? ಹೌದಾದರೆ ಹೆಜ್ಜೇನು ಅಥವಾ ಕೋಲುಜೇನು. ಅಲ್ಲವಾದರೆ, ಅಂದರೆ ಪೊಟರೆಯೊಳಗಿದ್ದರೆ, ತುಡುವೆ ಅಥವಾ ಮುಜಂಟಿ. ಬಯಲಿನದಕ್ಕೆ ಎರಡನೇ ಪ್ರಶ್ನೆ: ಎರಿ ಮೊರದಷ್ಟು ದೊಡ್ಡದೇ? ಹೌದಾದರೆ ಹೆಜ್ಜೇನು; ಕಡ್ಡಿ ಸುತ್ತ ಅಂಗೈ ಅಗಲದ್ದಾದರೆ ಕೋಲುಜೇನು. ಪೊಟರೆಯದಕ್ಕೆ: ಚುಚ್ಚುತ್ತದೆಯೇ? ಎರಡು ಪ್ರಶ್ನೆ, ನಾಲ್ಕು ಬಗೆ. ಹೌದಿಗೆ 1, ಅಲ್ಲಕ್ಕೆ 0 ಬರೆದರೆ ಪ್ರತಿ ಜೇನಿಗೂ ಎರಡು ಬಿಟ್‌ನ (1 ಅಥವಾ 0 ಆಗುವ ಎರಡು ಅಂಕಿಯ) ಹೆಸರು ಬಂತು. ನಿನ್ನೆಯ ರಟ್ಟು ಇಲ್ಲಿ ಸೇರಿಕೊಂಡಿತು.

ಈಗ ಪ್ರಶ್ನೆಯ ಸರದಿ ಕೆಡಿಸಿ. ‘ಚುಚ್ಚುತ್ತದೆಯೇ’ ಎಂಬುದನ್ನೇ ಮೊದಲು ಕೇಳಿದರೆ? ಮುಜಂಟಿ ಒಂದೇ ಪ್ರಶ್ನೆಗೆ ಸಿಗುತ್ತದೆ, ತುಡುವೆಗೆ ಎರಡು, ಉಳಿದೆರಡಕ್ಕೆ ಮೂರು ಮೂರು. ನಾಲ್ಕೂ ಸಮಸಮ ಇದ್ದರೆ ಸರಾಸರಿ 2.25, ಮೊದಲಿನ 2ಕ್ಕಿಂತ ಹೆಚ್ಚು. ಆದರೆ ಸುತ್ತಲಿನ 8 ಗೂಡಿನಲ್ಲಿ 5 ಮುಜಂಟಿಯದೇ, ಉಳಿದವು ಒಂದೊಂದೇ ಆಗಿದ್ದರೆ? ಒಟ್ಟು 13 ಪ್ರಶ್ನೆ, ಗೂಡಿಗೆ ಸುಮಾರು 1.6. ಕೆಟ್ಟ ಸರದಿ ಎಂದುಕೊಂಡದ್ದೇ ಇಲ್ಲಿ ಮೇಲಾಯಿತು. ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಸಂಕೇತ ಕೊಡು ಎನ್ನುವ ಈ ತತ್ವದ ಮೇಲೆಯೇ ಫೈಲುಗಳನ್ನು ಕುಗ್ಗಿಸುವ ಹಫ್‌ಮನ್ ಸಂಕೇತ ನಿಂತಿದೆ. ಹೆಸರು ಶಿಕ್ಷಕರಿಗೆ ಗೊತ್ತಿರಲಿ, ಮಕ್ಕಳಿಗೆ ಆಮೇಲೆ ಹೇಳಿದರೂ ಆದೀತು.

ಇಲ್ಲಿ ಮಕ್ಕಳಿಂದ ಒಂದು ಆಕ್ಷೇಪ ಬರಬೇಕು, ಬಂದರೆ ಅದೇ ಪಾಠದ ಗೆಲುವು: ‘ಚುಚ್ಚುತ್ತದೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಚುಚ್ಚಿಸಿಕೊಳ್ಳಬೇಕಲ್ಲ ಸಾರ್?’ ಎಲ್ಲ ಪ್ರಶ್ನೆಗೂ ಒಂದೇ ಬೆಲೆ ಇರುವುದಿಲ್ಲ. ಬದಲಿಗೆ ‘ಗೂಡಿನ ಬಾಯಲ್ಲಿ ಮೇಣದ ಕೊಳವೆ ಇದೆಯೇ’ ಎಂದು ಕೇಳಬಹುದು. ಮುಜಂಟಿಗೆ ಅದು ಇರುತ್ತದೆ, ದೂರದಿಂದಲೇ ಕಾಣುತ್ತದೆ. ಕೊನೆಗೆ ಕಣಜವನ್ನೂ ಪಟ್ಟಿಗೆ ಸೇರಿಸಿ. ಐದು ಬಗೆಗೆ ಎರಡು ಪ್ರಶ್ನೆ ಯಾಕೆ ಸಾಲದು, ಮೂರಾದರೆ ಎಷ್ಟು ಬಗೆ ಹಿಡಿಸುತ್ತದೆ? 8 ಎಂದು ಅವರೇ ಕಂಡುಕೊಳ್ಳಲಿ.

ಒಂದು ಎಚ್ಚರ: ಆದಿವಾಸಿ ಮಕ್ಕಳೆಲ್ಲರಿಗೂ ಜೇನು ಗೊತ್ತಿದೆ ಎಂದುಕೊಳ್ಳಬೇಡಿ. ಆರನೇ ವಯಸ್ಸಿಗೇ ಹಾಸ್ಟೆಲ್ ಸೇರಿದ ಹುಡುಗಿಗೆ ಗೊತ್ತಿಲ್ಲದಿರಬಹುದು, ‘ನಿನಗೆ ಇಷ್ಟೂ ಗೊತ್ತಿಲ್ವಾ’ ಅಂದರೆ ಆಕೆಗೆ ಎರಡು ಕಡೆಯಿಂದಲೂ ಪೆಟ್ಟು. ಮೊದಲ ವಾರ ಮನೆಯ ಹಿರಿಯರನ್ನು ಕೇಳಿ ಬರುವ ಕೆಲಸ ಎಲ್ಲರಿಗೂ ಕೊಡಿ.

ಮೂರರಿಂದ ಐದನೇ ದಿನ

ಮೂರನೇ ದಿನ ಇದೇ ಜೇನಿನ ಮರ, ಅಂದರೆ ಕವಲೊಡೆಯುವ ಆ ಪ್ರಶ್ನೆಗಳು, ಸ್ಕ್ರಾಚಿಗೆ ಹೋಗುತ್ತದೆ: ಪ್ರಶ್ನೆ ಕೇಳಿ ಕಾಯುವ ಬ್ಲಾಕು, ಆದರೆ–ಇಲ್ಲದಿದ್ದರೆ ಬ್ಲಾಕು, ಒಂದರೊಳಗೊಂದು. ಉತ್ತರವನ್ನು 1 ಮತ್ತು 0 ಎಂದೇ ತೆಗೆದುಕೊಳ್ಳಿ. ಕನ್ನಡದಲ್ಲಿ ‘ಹೌದು’ ಎಂದು ಟೈಪಿಸಿದಾಗ ಹಿಂದೆ ಒಂದು ಖಾಲಿ ಜಾಗವೋ ಕಣ್ಣಿಗೆ ಕಾಣದ ಅಕ್ಷರವೋ ಸೇರಿದರೆ ಹೋಲಿಕೆ ತಪ್ಪುತ್ತದೆ, ಅರ್ಧ ಗಂಟೆ ಹುಡುಕಿದರೂ ಕಾರಣ ಸಿಗುವುದಿಲ್ಲ. ಇನ್ನೊಂದು ತೊಡಕು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಲಿಪಿ: ಅದರಲ್ಲಿ ಬರೆದದ್ದನ್ನು ಸ್ಕ್ರಾಚಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಕೀಲಿಮಣೆ ಯೂನಿಕೋಡಿಗೆ ಹೊಂದಿಸಿದೆಯೇ ಎಂದು ಬೆಳಿಗ್ಗೆಯೇ ನೋಡಿ.

ಅಂದು ಮಧ್ಯಾಹ್ನ ಹತ್ತಿರದ ಶಾಲೆಯ ಆರೇಳು ಮಕ್ಕಳನ್ನು, ಪೋಷಕರ ಒಪ್ಪಿಗೆ ಪಡೆದು, ಕರೆತಂದು ಜೇನಿನ ಪಾಠ ಮಾಡಿ. ‘ಈ ಮಕ್ಕಳಿಗೆ ಇದೆಲ್ಲ ಆಗಲ್ಲ ಸಾರ್’ ಎಂಬ ಮಾತನ್ನು ಭಾಷಣದಿಂದ ಅಳಿಸಲಾಗದು. ಮಕ್ಕಳು ಪ್ರಶ್ನೆಯ ಸರದಿಗಾಗಿ ವಾದಿಸುವುದನ್ನು ಶಿಕ್ಷಕರು ಕಣ್ಣಾರೆ ಕಾಣಬೇಕು.

ನಾಲ್ಕನೇ ದಿನ ಮಣ್ಣಿನ ತೇವ ಅಳೆಯುವ ಯಂತ್ರ. ಎರಡು ಮೊಳೆಗಳನ್ನು ಮೂರು ಬೆರಳಿನ ಅಂತರದಲ್ಲಿ ಮಣ್ಣಿಗೆ ಚುಚ್ಚಿ, ಒಂದನ್ನು ಮೈಕ್ರೋಬಿಟ್‌ನ 0 ಪಿನ್ನಿಗೆ, ಇನ್ನೊಂದನ್ನು 1 ಪಿನ್ನಿಗೆ ಜೋಡಿಸಿ. 1 ಪಿನ್ ಆನ್ ಮಾಡಿ, 0 ಪಿನ್ನಿನ ಅನಲಾಗ್ ಅಂಕಿ ಓದಿ, ಕೂಡಲೇ 1 ಪಿನ್ ಆಫ್ ಮಾಡಿ. ಅಂಕಿ 0ಯಿಂದ 1023ರೊಳಗೆ ಬರುತ್ತದೆ, ತೇವ ಹೆಚ್ಚಿದಷ್ಟೂ ಏರುತ್ತದೆ. ಸದಾ ವಿದ್ಯುತ್ ಹರಿಯುವಂತೆ ಬಿಟ್ಟರೆ ವಿದ್ಯುದ್ವಿಭಜನೆಯಿಂದ ಮೊಳೆ ಬೇಗ ತಿಂದುಹೋಗುತ್ತದೆ, ಅಂಕಿಯೂ ಕೆಡುತ್ತದೆ. ಗಂಟೆಗೊಮ್ಮೆ ಓದಿದರೆ ಸಾಕು. ಯಾವ ಅಂಕಿಗೆ ‘ನೀರು ಹಾಕು’ ಎನ್ನಬೇಕು ಎಂಬುದನ್ನು ಪಕ್ಕದ ಶಾಲೆಯಿಂದ ನಕಲು ಮಾಡಬೇಡಿ. ಅದೇ ಜಾಗದ ಒಣ ಮಣ್ಣು, ನೆನೆದ ಮಣ್ಣು ಎರಡನ್ನೂ ಅಳೆದು ನಡುವಿನ ಅಂಕಿ ಇಡಿ. ಬೋರ್ಡಿನ ಉಷ್ಣತೆ ಸಂವೇದಕ ಚಿಪ್ಪಿನ ಬಿಸಿಯನ್ನು ಅಳೆಯುತ್ತದೆ, ಹಾಗಾಗಿ ಕೋಣೆಗಿಂತ ಒಂದೆರಡು ಡಿಗ್ರಿ ಹೆಚ್ಚು ತೋರಿಸಿದರೆ ಗಾಬರಿ ಬೇಡ.

ಅದೇ ದಿನ ಕ್ಯಾಲ್ಕ್‌ನಲ್ಲಿ (ಲೆಕ್ಕದ ಕೋಷ್ಟಕ ಮಾಡುವ ತಂತ್ರಾಂಶ) ಲ್ಯಾಂಪ್ಸ್ ಸೊಸೈಟಿಯ, ಅಂದರೆ ಕಾಡಿನ ಉತ್ಪನ್ನ ಕೊಳ್ಳುವ ಆದಿವಾಸಿ ಸಹಕಾರ ಸಂಘದ, ಲೆಕ್ಕ: ದಿನಾಂಕ, ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ, ತೂಕ, ದರ, ಮೊತ್ತ. ತೂಕದ ಜೊತೆ ‘ಕೆಜಿ’ ಎಂದು ಟೈಪಿಸಿದರೆ ಕೋಶ ಪಠ್ಯವಾಗುತ್ತದೆ, ಗುಣಾಕಾರ ನಿಲ್ಲುತ್ತದೆ. ಅಂಕಿಗಳು ಕಲ್ಪಿತವಾಗಿರಲಿ. ಯಾವ ಮನೆಯ ನಿಜವಾದ ಸಾಲ, ಪಾವತಿಯೂ ತರಗತಿಯ ಪರದೆಗೆ ಬರಬಾರದು.

ಐದನೇ ದಿನ ಪ್ರತಿ ಜೋಡಿ 20 ನಿಮಿಷ ಪಾಠ ಮಾಡಿ ತೋರಿಸಬೇಕು. ಉಳಿದ ಹೊತ್ತು ಸ್ಕ್ರೂಡ್ರೈವರ್ ಹಿಡಿಯುವುದಕ್ಕೆ.

ಭಾಷೆ

ಮನೆಯಲ್ಲಿ ಸೋಲಿಗ ನುಡಿ ಅಥವಾ ಜೇನುಕುರುಬ ನುಡಿ, ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ, ಪರದೆಯ ಮೇಲೆ ಇಂಗ್ಲಿಷ್. ಈ ಮೂರನ್ನೂ ಮಗು ಒಟ್ಟಿಗೆ ಹೊರುತ್ತಿದೆ ಎಂಬುದು ಶಿಕ್ಷಕರಿಗೆ ನೆನಪಿರಬೇಕು. ಸ್ಕ್ರಾಚಿನಲ್ಲಿ ಚರಾಂಶದ (ವೇರಿಯಬಲ್, ಬೆಲೆಯೊಂದನ್ನು ನೆನಪಿಡುವ ಜಾಗ) ಹೆಸರನ್ನೂ ತಾವೇ ಮಾಡಿಕೊಳ್ಳುವ ‘ನನ್ನ ಬ್ಲಾಕು’ಗಳ ಹೆಸರನ್ನೂ ಯಾವ ಭಾಷೆಯಲ್ಲಾದರೂ ಕೊಡಬಹುದು, ಮಕ್ಕಳ ಮನೆಮಾತಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆಸಿ. ತಿದ್ದಬೇಡಿ. ನ್ಯೂಜಿಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಮಾವೊರಿ ಮಾಧ್ಯಮದ ಶಾಲೆಗಳಿಗೆ ಡಿಜಿಟಲ್ ತಂತ್ರಜ್ಞಾನದ ಪಠ್ಯಕ್ರಮ ಮಾವೊರಿ ಭಾಷೆಯಲ್ಲೇ ಇದೆ. ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ, ಆದರೆ ಹೆಸರಿಡುವ ಸ್ವಾತಂತ್ರ್ಯ ಇಂದೇ ಕೊಡಬಹುದು.

ಚರಾಂಶಕ್ಕೆ ‘ಡಬ್ಬಿ’ ಎಂಬ ಹೋಲಿಕೆ ಬೇಡ. ಡಬ್ಬಿಯಲ್ಲಿ ಹಳೆಯದರ ಜೊತೆ ಹೊಸದೂ ಇರಬಹುದೆಂದು ಮಕ್ಕಳು ಸಹಜವಾಗಿ ತಿಳಿಯುತ್ತಾರೆ. ‘ಸ್ಲೇಟು’ ಎನ್ನಿ, ಹೊಸದು ಬರೆಯಬೇಕಾದರೆ ಹಳೆಯದು ಅಳಿಯಲೇಬೇಕು.

ತಿಂಗಳ ಸಭೆ, ಶಾಲಾ ಭೇಟಿ

ಸಭೆಗೆ ಪ್ರತಿಯೊಬ್ಬರೂ ಕೆಟ್ಟುಹೋದ ಒಂದು ಪಾಠವನ್ನೂ ಮಗು ಬರೆದ ಒಂದು ಪ್ರೋಗ್ರಾಮನ್ನೂ ತರಬೇಕು. ಹೊಸ ವಿಷಯ ಒಂದು ಗಂಟೆಗಿಂತ ಹೆಚ್ಚು ಬೇಡ.

ಭೇಟಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮೂರು ಸಂಗತಿ ಗಮನಿಸಿ. ಮೌಸ್ ಯಾರ ಕೈಯಲ್ಲಿದೆ? ಇಬ್ಬರಿಗೊಂದು ಯಂತ್ರವಿದ್ದಾಗ ಹುಡುಗರು ಹಿಡಿದದ್ದನ್ನು ಬಿಡುವುದಿಲ್ಲ. 8 ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಜಾಗ ಬದಲಿಸುವ ನಿಯಮ ಬೇಕು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ? ಮನಸ್ಸಿನಲ್ಲಿ ಐದರವರೆಗೆ ಎಣಿಸಲು ಹೇಳಿ, ಮೌನವಾಗಿದ್ದ ಮಗು ಆಗ ಬಾಯಿ ತೆರೆಯುತ್ತದೆ. ಪ್ರೋಗ್ರಾಮ್ ಕೆಟ್ಟಾಗ ಸರಿಪಡಿಸುವವರು ಯಾರು? ಶಿಕ್ಷಕರು ತಾವೇ ಕೀಲಿಮಣೆಗೆ ಕೈಹಾಕುತ್ತಿದ್ದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವ ಅಭ್ಯಾಸ ಮಾಡಿಸಿ. ಭೇಟಿಯ ವರದಿ ಶಿಕ್ಷಕರಿಗೆ ಮಾತ್ರ, ಮೇಲಧಿಕಾರಿಗಳಿಗೆ ಕಳಿಸಬಾರದು. ಕಳಿಸಿದರೆ ಮುಂದಿನ ಸಲ ನಿಮಗೆ ತೋರಿಸುವುದು ಸಿಂಗರಿಸಿದ ಪಾಠ.

ಯಂತ್ರ ಕೈಕೊಡುವ ಬಗೆಗಳು

ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರದಲ್ಲಿ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿರುತ್ತದೆ. ತಾರೀಕು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಬ್ರೌಸರ್ ಸುರಕ್ಷಿತ ತಾಣಗಳನ್ನು ತೆರೆಯಲು ಒಪ್ಪುವುದಿಲ್ಲ, ‘ನೆಟ್ ಇಲ್ಲ’ ಎಂದು ದೂರು ಬರುತ್ತದೆ. ಸೆಲ್ ಬದಲಿಸಿ ತಾರೀಕು ಸರಿಮಾಡಿದರೆ ಮುಗಿಯಿತು. ಮಲೆನಾಡಿನ ಮಳೆಗಾಲದಲ್ಲಿ ತೇವ ಕೂರದಂತೆ ವಾರಕ್ಕೆರಡು ಸಲ ಅರ್ಧ ಗಂಟೆ ಯಂತ್ರ ಚಾಲೂ ಇಡಿ. ಇಲಿ ಕೇಬಲ್ ಕಡಿಯದಂತೆ ವೈರುಗಳನ್ನು ಪಿವಿಸಿ ಪೈಪಿನೊಳಗೆ ಹಾಯಿಸಿ, ಬಿಸಿಯೂಟದ ಸಾಮಾನನ್ನು ಆ ಕೋಣೆಯಲ್ಲಿ ಇಡಬೇಡಿ.

ಕಲಿತದ್ದು ತಿಳಿಯುವುದು ಹೇಗೆ

ಲಿಖಿತ ಪರೀಕ್ಷೆ ಬೇಡ. ಒಂದು ತಪ್ಪು ಬೇಕೆಂದೇ ಇಟ್ಟ ಪ್ರೋಗ್ರಾಮ್ ಕೊಡಿ: ಜೇನಿನ ಮರದಲ್ಲಿ ತುಡುವೆಗೂ ಕೋಲುಜೇನಿಗೂ ಜಾಗ ಅದಲುಬದಲಾಗಿದೆ. ಮಗು ತಪ್ಪನ್ನು ಹುಡುಕಿ, ಯಾಕೆ ತಪ್ಪೆಂದು ಪಕ್ಕದವರಿಗೆ ಯಾವ ಭಾಷೆಯಲ್ಲಾದರೂ ಹೇಳಿದರೆ ಕಲಿತಿದೆ ಎಂದರ್ಥ. ಶಿಕ್ಷಕರಿಗೂ ಇದೇ ಅಳತೆ, ಜೊತೆಗೆ ಇನ್ನೊಂದು: ಜನವರಿ ಹೊತ್ತಿಗೆ ಅವರು ನಾವು ಕೊಡದ ಒಂದು ಪಾಠವನ್ನು ತಾವೇ ಕಟ್ಟಿರಬೇಕು.

ಎರಡನೇ ವರ್ಷದ ಶಿಬಿರದಲ್ಲಿ ಜೇನಿನ ದಿನವನ್ನು ಮೊದಲ ತಂಡದ ಇಬ್ಬರು ಶಿಕ್ಷಕರೂ ಹಾಡಿಯ ಒಬ್ಬ ಸಹಾಯಕರೂ ಸೇರಿ ನಡೆಸಲಿ. ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ, ಬೀಗದ ಎರಡನೇ ಕೈ ಆ ಸಹಾಯಕರ ಹತ್ತಿರ ಇರಲಿ.